ಗುರುವಾರದ ಗಿಟಾರು

ನಮ್ಮ ಊರಿನಲ್ಲಿ ಸಂಬಂಧ ಬೆಳೆಸಲು ಬಂದವರು ಜಾತಕ ಕೇಳುವುದಕ್ಕೆ ಮೊದಲು ಮನೆಯ ಒಲೆಗೆ ಯಾವ ವಾರ ರಜೆ ಎಂದು ಕೇಳುತ್ತಾರೆ. ಎರಡು ಒಲೆಯಿದ್ದರೆ ಎರಡರ ವಾರವೂ ಬೇರೆ ಬೇರೆ ತಾನೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಎರಡೂ ಒಂದೇ ದಿನ ಮಲಗುವ ಮನೆಗೆ ಮಗಳನ್ನು ಕೊಟ್ಟರೆ ವಾರಕ್ಕೊಂದು ದಿನ ಅವಳಿಗೆ ಮೊಸರವಲಕ್ಕಿಯೇ ಗತಿ. ನಮ್ಮ ಮನೆಯ ಒಲೆಗಳಿಗೆ ಒಂದಕ್ಕೆ ಮಂಗಳವಾರ, ಇನ್ನೊಂದಕ್ಕೆ ಶನಿವಾರ. ಹೊಲಿಗೆ ಯಂತ್ರಕ್ಕೆ ಬುಧವಾರ. ಆ ದಿನ ನನ್ನ ಹೆಂಡತಿ ಯಮುನಾ ಎದುರುಮನೆಯ ಯಂತ್ರದಲ್ಲಿ ಹೊಲಿಯುತ್ತಾಳೆ. ಎದುರುಮನೆಯ ಯಂತ್ರ ಭಾನುವಾರ ಮಲಗುತ್ತದೆ, ಆವತ್ತು ಅವರು ನಮ್ಮಲ್ಲಿಗೆ ಬರುತ್ತಾರೆ. ಇದಕ್ಕೆ ಜೋಡಿಮನೆ ಎನ್ನುತ್ತೇವೆ. ಜೋಡಿಮನೆಯವರೊಂದಿಗೆ ಜಗಳವಾಡುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ.

ನನ್ನ ಕಸುಬು ಬೀಗ ರಿಪೇರಿ. ಬೀಗಕ್ಕೂ ವಾರಕ್ಕೊಂದು ರಜೆ ಇದ್ದೇ ಇದೆ. ಅಂದು ಕೀಲಿ ಎಷ್ಟು ತಿರುಗಿಸಿದರೂ ಅದು ಹಿಡಿಯುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ಬಾಗಿಲಿಗೂ ಎರಡು ಬೀಗ, ಎರಡಕ್ಕೂ ಬೇರೆ ವಾರ. ಮೂವತ್ತು ವರ್ಷದಿಂದ ಬೀಗಗಳನ್ನು ಜೋಡಿ ಮಾಡಿ ಮಾರುತ್ತಿದ್ದೇನೆ. ವಸ್ತುವಿನ ವಾರ ಗುರುತಿಸುವುದರಲ್ಲಿ ಈ ಭುಜಂಗಪ್ಪನನ್ನು ಮೀರಿಸುವವರಿಲ್ಲ ಎಂದು ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಆ ಜಂಬ ಹೇಗೆ ಇಳಿಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಹೊಸ ವಸ್ತುವಿನ ವಾರ ಯಾರಿಗೂ ಗೊತ್ತಿರುವುದಿಲ್ಲ. ತಂದು ಒಂದು ವಾರ ಬಳಸಿದ ಮೇಲೆ ತಾನಾಗಿ ಗೊತ್ತಾಗಬೇಕು. ಹಾಗಾಗಿ ನಮ್ಮಲ್ಲಿ ಹೊಸದು ಅಗ್ಗ, ಹಳೆಯದು ದುಬಾರಿ. ಹಳೆಯದರಲ್ಲೂ ವಾರ ನೋಡಿ ಬೆಲೆ. ವಾಲಗ, ಹಾರ್ಮೋನಿಯಂ, ಗಿಟಾರು ಇಂಥವು ಮಂಗಳವಾರ ಮಲಗುವುದಾದರೆ ಕೈಗೆಟುಕುವುದಿಲ್ಲ, ಏಕೆಂದರೆ ಮಂಗಳವಾರ ಹೇಗೂ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಭಾನುವಾರ ಮಲಗುವ ವಾದ್ಯವನ್ನು ಮೂಸಿ ನೋಡುವವರಿಲ್ಲ. ಕೊಳ್ಳುವ ಮೊದಲು ಏಳು ದಿನ ಮನೆಯಲ್ಲಿಟ್ಟುಕೊಂಡು ಪರೀಕ್ಷಿಸುವ ಪದ್ಧತಿಯಿದೆ. ಇನ್ನು ದಾರ, ಮೊಳೆ, ಗುಂಡಿ, ವೈರು ಇಂಥ ಚಿಲ್ಲರೆ ಸಾಮಾನಿಗೆ ವಾರ ಇರುವುದಿಲ್ಲ ಎಂದೇ ಎಲ್ಲರ ನಂಬಿಕೆ. ನನ್ನ ಬಿಳಿ ಅಂಗಿಯ ಮೂರನೆಯ ಗುಂಡಿ ಶುಕ್ರವಾರ ಬಂತೆಂದರೆ ನಿಲ್ಲುವುದಿಲ್ಲ. ಹೊಟ್ಟೆ ಬಂದಿದೆ ಎಂದು ಯಮುನಾ ಹೇಳುತ್ತಾಳೆ. ನಾನೂ ಒಪ್ಪಿಕೊಂಡು ರಾತ್ರಿ ಒಂದು ಮುದ್ದೆ ಕಡಿಮೆ ಮಾಡಿದ್ದೇನೆ.

ಸಂಜೆಯ ಹೊತ್ತು ನಾನು ಸುಸ್ವರ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾಲ್ಕೇ ತಂತಿ, ದಪ್ಪ ದನಿ. ಹಾಡುವವರನ್ನು ಜನ ನೋಡುತ್ತಾರೆ, ಡ್ರಮ್ಸ್ ಬಡಿಯುವವನನ್ನು ಮಕ್ಕಳು ನೋಡುತ್ತಾರೆ, ಬೇಸ್ ನುಡಿಸುವವನನ್ನು ಕರೆಂಟಿನವನೆಂದು ತಿಳಿದು ಫ್ಯಾನ್ ಹಾಕಲು ಹೇಳುತ್ತಾರೆ. ನನಗೆ ಅದರಿಂದ ಬೇಸರವಿಲ್ಲ. ಹಾಡು ಕೇಳುತ್ತಾ ಕುಳಿತವರ ಕಾಲು ಅವರಿಗೇ ಗೊತ್ತಿಲ್ಲದೆ ತಾಳ ಹಾಕುತ್ತದಲ್ಲ, ಆ ಕಾಲು ನನ್ನದು ಎಂದುಕೊಂಡು ಸುಖವಾಗಿದ್ದೆ.

ಗಿಟಾರನ್ನು ನನಗೆ ಕೊಟ್ಟವರು ಅಂತೋಣಿ ಮಾಸ್ತರು. ಆರ್ಕೆಸ್ಟ್ರಾ ಕಟ್ಟಿದವರೂ ಅವರೇ. ಬೆರಳು ಸೆಟೆದು ನುಡಿಸಲಾಗದೆ ಹೋದಾಗ ನನ್ನನ್ನು ಕರೆದು ಗಿಟಾರನ್ನೂ ಅದನ್ನು ದನಿ ದೊಡ್ಡದು ಮಾಡುವ ಆಂಪಿಗೆ ಜೋಡಿಸುವ ಕಪ್ಪು ವೈರನ್ನೂ ತೊಡೆಯ ಮೇಲಿಟ್ಟರು. "ಗುರುವಾರ ಇದನ್ನ ಮುಟ್ಟಬೇಡ ಭುಜಂಗ. ಈ ವೈರು ಇದರದ್ದೇ. ಬೇರೆ ಹಾಕಬೇಡ" ಎಂದರು. ಅದಾಗಿ ಇಪ್ಪತ್ತೆರಡು ವರ್ಷ. ವೈರಿನ ತುದಿ ನಾಲ್ಕು ಸಲ ಕಿತ್ತು ಬಂದಿದೆ, ನಾಲ್ಕು ಸಲವೂ ನಾನೇ ಬೆಸುಗೆ ಹಾಕಿದ್ದೇನೆ. ಬೇರೆ ವೈರು ಕೊಳ್ಳುವ ಯೋಚನೆ ಒಮ್ಮೆಯೂ ಬರಲಿಲ್ಲ. ಮೊದಲ ವರ್ಷ ಒಂದು ಗುರುವಾರ ಕುತೂಹಲ ತಡೆಯದೆ ನುಡಿಸಿ ನೋಡಿದ್ದೆ. ಆಂಪಿನಿಂದ ಒಂದು ಚೂರು ದನಿಯೂ ಹೊರಡಲಿಲ್ಲ. ಗುರುವಾರ ಇದರ ರಜೆ ಎಂದು ಆವತ್ತೇ ಖಾತ್ರಿಯಾಯಿತು. ಮಾಸ್ತರು ಇರುವ ತನಕ ಗುರುವಾರದ ಕಾರ್ಯಕ್ರಮವನ್ನು ನಮ್ಮ ಆರ್ಕೆಸ್ಟ್ರಾ ಒಪ್ಪಿಕೊಳ್ಳುತ್ತಿರಲಿಲ್ಲ. ಉಳಿದವರೆಲ್ಲ ಎರಡೆರಡು ವಾದ್ಯ ಇಟ್ಟುಕೊಂಡಿದ್ದರು, ನನಗೆ ಮಾತ್ರ ಅದರ ಅಗತ್ಯ ಬೀಳಲಿಲ್ಲ.

ಈಗ ಆರ್ಕೆಸ್ಟ್ರಾ ನಡೆಸುವವನು ಶೇಷಗಿರಿ. ಚೆನ್ನಾಗಿ ಹಾಡುತ್ತಾನೆ, ಹಾಡುವುದಕ್ಕಿಂತ ಚೆನ್ನಾಗಿ ವ್ಯವಹಾರ ಮಾಡುತ್ತಾನೆ. ಮಾಘ ಮಾಸಕ್ಕೆ ಮೊದಲು ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡ.

"ಭುಜಂಗಣ್ಣ, ಹೊಸ ಕಲ್ಯಾಣ ಮಂಟಪದೋರು ಇಡೀ ಸೀಸನ್ನು ಗುರುವಾರ ನಮಗೇ ಕೊಟ್ಟಿದ್ದಾರೆ. ಬೇಡ ಅನ್ನೋಕಾಗಲ್ಲ. ನೀವೊಂದು ಬದಲಿ ಗಿಟಾರ್ ನೋಡ್ಕೊಳ್ಳಿ. ಇನ್ನೂ ಮೂರು ವಾರ ಟೈಮಿದೆ."

"ಸಿಗದೇ ಇದ್ರೆ?"

ಅವನು ಮೈಕಿನ ವೈರು ಸುತ್ತುತ್ತಾ ನನ್ನ ಮುಖ ನೋಡದೆ ಹೇಳಿದ. "ಟೀಚರ್ ಎಡಗೈಲಿ ಬೇಸ್ ನೋಡ್ಕೋತಾರೆ, ಕೀಬೋರ್ಡಲ್ಲೇ ಬರುತ್ತಲ್ಲ. ಹೆಂಗೆ ನಡೆಯುತ್ತೋ ನೋಡಿ ಉಳಿದ ದಿನಕ್ಕೂ ಯೋಚನೆ ಮಾಡೋಣ."

ಉಳಿದ ದಿನಕ್ಕೂ ಎಂಬ ಮಾತು ಎದೆಗೆ ಚುಚ್ಚಿತು. ಗುರುವಾರ ನಾನಿಲ್ಲದೆ ನಡೆದರೆ ಶುಕ್ರವಾರವೂ ನಡೆಯುತ್ತದೆ. ನಡೆದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಕೀಬೋರ್ಡ್ ನುಡಿಸುವ ಇಂದುಮತಿ ಟೀಚರ್ ಶಾಲೆಯಲ್ಲಿ ಸಂಗೀತ ಕಲಿಸುವವರು, ಒಳ್ಳೆಯ ಹೆಂಗಸು. ಗೇಟಿನ ಬಳಿ ನನಗಾಗಿ ಕಾದಿದ್ದು, "ಅಣ್ಣ, ನನ್ನ ಎಡಗೈಗೆ ಅದರದ್ದೇ ಕೆಲಸ ಬೇಕಾದಷ್ಟಿದೆ. ನೀವು ಬೇಗ ಒಂದು ತಗೊಂಡುಬಿಡಿ" ಎಂದರು.

ಎರಡು ದಿನ ಬಿಟ್ಟು ಶುಕ್ರವಾರ, ಗೌಸ್ ಸಾಹೇಬರ ಅಂಗಡಿಗೆ ಹೋದೆ. ಹಳೆಯ ವಾದ್ಯಗಳಿಗೆ ಊರಿನಲ್ಲಿರುವುದು ಅದೊಂದೇ ಅಂಗಡಿ. ಅವರ ತಂದೆಯ ಕಾಲದಿಂದಲೂ ಪ್ರತಿ ವಾದ್ಯದ ಬೆನ್ನಿಗೆ ಸೀಮೆಸುಣ್ಣದಲ್ಲಿ ಅದರ ವಾರ ಬರೆದಿಡುವ ರೂಢಿ. ಆ ಬರಹವನ್ನು ಅನುಮಾನಿಸಿದವರಿಲ್ಲ. ಏಳು ದಿನದ ಪರೀಕ್ಷೆ ಅಲ್ಲಿ ಬರೀ ಶಾಸ್ತ್ರಕ್ಕೆ. ಗಟ್ಟಿ ಮಾತಿಗೆ ನಮ್ಮ ಜನ "ಸಾಹೇಬರು ಬರೆದ ವಾರ" ಎನ್ನುವುದೂ ಉಂಟು.

"ಮಂಗಳವಾರದ್ದು ಒಂದಿದೆ" ಎಂದು ಸಾಹೇಬರು ಹೊಳೆಯುವ ಕೆಂಪು ಗಿಟಾರನ್ನು ತೋರಿಸಿ ಬೆಲೆ ಹೇಳಿದರು. ನಾನು ನಕ್ಕೆ. ಅವರೂ ನಕ್ಕು ಅದನ್ನು ಮತ್ತೆ ನೇತುಹಾಕಿದರು.

"ನನಗೆ ಗುರುವಾರ ಒಂದಿನ ಎದ್ದಿದ್ರೆ ಸಾಕು ಸಾಹೇಬ್ರೆ. ಉಳಿದ ದಿನ ಅದು ಏನಾದ್ರೂ ಮಾಡ್ಕೊಳ್ಲಿ."

"ಹಂಗಂದ್ರೆ ಭಾನುವಾರದ್ದು ಕೊಡ್ತೀನಿ. ಮೂರು ವರ್ಷದಿಂದ ಯಾರೂ ಕೇಳಿಲ್ಲ ಪಾಪ."

ಒಳಗಿನಿಂದ ಕಾಫಿಪುಡಿ ಬಣ್ಣದ ಒಂದು ಗಿಟಾರು ತಂದರು. ಬೆನ್ನಿಗೆ ಭಾನುವಾರ ಎಂದು ಬರೆದಿತ್ತು. ಅಗುಳಿಯ ನೇರ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಅದರ ಕತ್ತನ್ನು ನೋಡಿದೆ. ಬಾಗಿರಲಿಲ್ಲ. ನಾಲ್ಕು ಬಿರಡೆಗಳಲ್ಲಿ ಒಂದು ಬಿಗಿ, ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಕತ್ತಿನ ಐದನೆಯ ಮೆಟ್ಟಿಲಿನಲ್ಲಿ ತಂತಿ ಸ್ವಲ್ಪ ಚರಚರ ಎನ್ನುತ್ತಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ಕತ್ತನ್ನು ಮೈಗೆ ಹಿಡಿದ ನಾಲ್ಕು ಸ್ಕ್ರೂಗಳಲ್ಲಿ ಒಂದು ಬೇರೆ ಜಾತಿಯದು. ಇವೆಲ್ಲ ಬೀಗದವನ ಕೈಗೆ ಅರ್ಧ ಗಂಟೆಯ ಕೆಲಸ. ತೂಕ ಮಾತ್ರ ಹೆಚ್ಚು, ಹೆಗಲಿಗೆ ಹಾಕಿದರೆ ಒಂದು ಮೂಟೆ ಅಕ್ಕಿ ಹೊತ್ತಂತೆ. ಆದರೆ ದನಿ ತೆಗೆದಾಗ ಅಂಗಡಿಯ ನೆಲ ಅಂಗಾಲಿಗೆ ಕಚಗುಳಿಯಿಟ್ಟಿತು. ನನಗೆ ಹಿಡಿಸಿತು. ಬದಲಿ ಗಿಟಾರು ಅಗ್ಗವಾಗಿದ್ದರೆ ತಪ್ಪಿಲ್ಲ, ಮೊದಲನೆಯದಕ್ಕೆ ನಾಚಿಕೆಯಾಗುವಂತೆ ಇರಬಾರದು ಅಷ್ಟೆ.

ಏಳು ದಿನದ ಲೆಕ್ಕಕ್ಕೆ ಮನೆಗೆ ತಂದೆ. ಶುಕ್ರವಾರ, ಶನಿವಾರ ನುಡಿಯಿತು. ಭಾನುವಾರ ಹೇಳಿದ ಹಾಗೆ ಮಲಗಿತು. ಸೋಮವಾರ ನನ್ನ ಆಂಪಿಗೆ ರಜೆ, ಹಾಗಾಗಿ ಟೀಚರ ಮನೆಗೆ ಹೊತ್ತುಕೊಂಡು ಹೋಗಿ ಅವರ ಆಂಪಿನಲ್ಲಿ ನೋಡಿದೆ. ನಾನು ಅಷ್ಟು ಜಾಗರೂಕ. ಮಂಗಳವಾರ, ಬುಧವಾರವೂ ಸರಿ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ವೈರು ಜೋಡಿಸಿ ತಂತಿ ಮೀಟಿದೆ. ಸದ್ದಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಮೀಟಿದ ಹಾಗಿತ್ತು.

ವಾರಕ್ಕೆ ಎರಡು ರಜೆ ತೆಗೆದುಕೊಳ್ಳುವ ವಸ್ತುವನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಾಹೇಬರ ಅಂಗಡಿಯ ಶಟರ್ ಗುರುವಾರ ಮಲಗುತ್ತದೆ, ನಾಲ್ಕು ಜನ ಎಳೆದರೂ ಮೇಲೇಳುವುದಿಲ್ಲ. ಹಾಗಾಗಿ ನನ್ನ ಸಿಟ್ಟು ಶುಕ್ರವಾರದವರೆಗೆ ಕಾದು ಇನ್ನಷ್ಟು ಕುದಿಯಿತು. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವರೆದುರಿಗೇ ಕೇಳಿದೆ.

"ಎರಡೆರಡು ರಜೆ ತಗೊಳ್ಳೋ ಮಾಲನ್ನ ಯಾಕ್ರೀ ಇಟ್ಕೊಂಡಿದ್ದೀರಿ? ಭಾನುವಾರ ಮಲಗ್ತು, ಗುರುವಾರಾನೂ ಮಲಗ್ತು."

"ಹಂಗಿರೋಕೆ ಸಾಧ್ಯವಿಲ್ಲ ಭುಜಂಗಪ್ಪನೋರೇ" ಎಂದರು ಸಾಹೇಬರು. ಅಷ್ಟೆ. ನನ್ನ ಜೊತೆ ವಾದಕ್ಕಿಳಿಯದೆ ಗಿಟಾರು ತೆಗೆದುಕೊಂಡು ಬೆನ್ನಿನ ಬರಹವನ್ನು ಅಂಗಿಯ ತೋಳಿನಿಂದ ಒರೆಸಿದರು. ಸೋಮವಾರ ಮಲಗುವ ಕಪ್ಪು ಗಿಟಾರೊಂದನ್ನು ಕೊಟ್ಟು, "ಇದನ್ನ ನೋಡಿ" ಎಂದರು. ಮುಂದಿನ ಗುರುವಾರ ಅದೂ ಸುಮ್ಮನಾಯಿತು.

ಆಮೇಲಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಶುಕ್ರವಾರ ಕಪ್ಪು ಗಿಟಾರನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಒಂದು ಮಾತೂ ಆಡದೆ ಬಂದೆ. ಮಾತನ್ನೆಲ್ಲ ಬೇರೆ ಕಡೆ ಆಡಿದೆ. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ, ಬೀಗ ರಿಪೇರಿಗೆ ಬಂದ ಪ್ರತಿಯೊಬ್ಬರ ಹತ್ತಿರ. "ಎರಡು ರಜೆ ಅಂಗಡಿ" ಎಂಬ ಹೆಸರನ್ನು ನಾನೇ ಇಟ್ಟೆ. ಬೀಗದವನು ಹೇಳಿದನೆಂದರೆ ವಾರದ ವಿಷಯದಲ್ಲಿ ಜನ ನಂಬುತ್ತಾರೆ. ಎರಡೇ ದಿನದಲ್ಲಿ ಆ ಹೆಸರು ಪೇಟೆಯೆಲ್ಲ ಸುತ್ತಿತು. ವರ್ಷಗಳ ಹಿಂದೆ ಕೊಂಡ ತಬಲಾಗಳನ್ನು ಜನ ಹೊತ್ತು ತಂದು ಮತ್ತೆ ಪರೀಕ್ಷೆ ಮಾಡಿ ಎನ್ನತೊಡಗಿದರು. ಮಂಗಳವಾರ ಅಂಗಡಿಯ ಮುಂದೆ ಹಾದುಹೋಗುವಾಗ ಸಾಹೇಬರು ಒಬ್ಬರೇ ಕುಳಿತು ಒಂದು ಹಾರ್ಮೋನಿಯಂ ಒರೆಸುತ್ತಿದ್ದರು. ನನಗೆ ಆಗ ಮರುಕ ಬರಲಿಲ್ಲ, ತಕ್ಕ ಶಾಸ್ತಿ ಎನ್ನಿಸಿತು.

ಅತ್ತ ಆರ್ಕೆಸ್ಟ್ರಾದಲ್ಲಿ ಟೀಚರು ಎಡಗೈಯ ಅಭ್ಯಾಸ ಶುರುಮಾಡಿದ್ದರು. ನಾನು ಮೂಲೆಯಲ್ಲಿ ಕುಳಿತು ಕೇಳಿದೆ. ಚೆನ್ನಾಗಿಯೇ ಇತ್ತು. ಅದು ಕೆಟ್ಟದಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಶೇಷಗಿರಿ ಕಣ್ಣು ಮುಚ್ಚಿ ತಲೆದೂಗಿದ. ಆಮೇಲೆ ನಾನಿರುವುದು ನೆನಪಾಗಿ ತಲೆ ನಿಲ್ಲಿಸಿದ.

ಮೂರನೆಯ ಗುರುವಾರ ಬಂತು. ಸಂಜೆ ಆರತಕ್ಷತೆಯಲ್ಲಿ ಕಾರ್ಯಕ್ರಮ. ಹೋಗಿ ಏನು ಮಾಡಲಿ ಎಂದು ಜಗಲಿಯ ಮೇಲೆ ಒಂದು ತುಕ್ಕು ಹಿಡಿದ ಬೀಗ ಬಿಚ್ಚಿಕೊಂಡು ಕುಳಿತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಗೌಸ್ ಸಾಹೇಬರು ಬಂದರು. ಹೆಗಲಿನಲ್ಲಿ ಬಟ್ಟೆ ಸುತ್ತಿದ ಗಿಟಾರು, ಕೈಯಲ್ಲಿ ಚೀಲ. ಎಪ್ಪತ್ತು ದಾಟಿದ ಮನುಷ್ಯ ಅಷ್ಟು ಭಾರ ಹೊತ್ತು ಬಿಸಿಲಿನಲ್ಲಿ ನಡೆದು ಬಂದಿದ್ದರು. ಯಮುನಾ ನೀರು ಕೊಟ್ಟು ಒಳಗೆ ಕೂರಿಸಿದಳು.

"ಅದೇ ಕಾಫಿಪುಡಿ ಬಣ್ಣದ್ದು, ನಿನ್ನೇನೇ ಅಂಗಡಿಯಿಂದ ತೆಗೆದಿಟ್ಟಿದ್ದೆ" ಎಂದು ಬಟ್ಟೆ ಬಿಚ್ಚಿದರು. "ಇವತ್ತು ಗುರುವಾರ. ನನ್ನ ಕಣ್ಣೆದುರಿಗೆ ಒಂದ್ಸಲ ನುಡಿಸಿ."

ನಾನು ವೈರು ಸಿಕ್ಕಿಸಿ, ಆಂಪ್ ಹಾಕಿ, ತಂತಿ ಮೀಟಿದೆ. ಏನೂ ಇಲ್ಲ. "ನೋಡಿದ್ರಾ?" ಎಂದೆ. ಗೆದ್ದೆ ಎನ್ನಿಸಬೇಕಾಗಿತ್ತು, ಆದರೆ ಅವರ ಮುಖ ನೋಡಿ ಹಾಗೆ ಎನ್ನಿಸಲಿಲ್ಲ.

ಸಾಹೇಬರು ಕೈ ಚಾಚಿದರು. ಗಿಟಾರನ್ನು ತಮ್ಮ ತೊಡೆಗೆ ಎಳೆದುಕೊಂಡು, ಟೋಪಿ ಸರಿಸಿ, ಅದರ ಭುಜಕ್ಕೆ ಕಿವಿ ಒತ್ತಿ ದಪ್ಪ ತಂತಿಯನ್ನು ಮೆಲ್ಲಗೆ ಮೀಟಿದರು. ಕಣ್ಣು ಮುಚ್ಚಿದ್ದರು. ಮತ್ತೊಮ್ಮೆ ಮೀಟಿದರು.

"ಇದು ಎದ್ದಿದೆ" ಎಂದರು. "ಮಲಗಿರೋ ಮರ ಹಿಂಗೆ ನಡುಗಲ್ಲ. ನೀವೇ ಕಿವಿ ಕೊಡಿ."

ನಾನೂ ಬಗ್ಗಿ ಕಿವಿಯಿಟ್ಟೆ. ಅವರು ಮೀಟಿದರು. ಮರದೊಳಗಿನಿಂದ ದನಿ ದವಡೆ ಹತ್ತಿ ತಲೆಯೊಳಗೆ ಬಂತು. ದುಂಡಗಿನ, ತುಂಬು ದನಿ. ಗಿಟಾರು ಎದ್ದಿದೆ, ಆಂಪಿಗೆ ಇವತ್ತು ರಜೆಯಿಲ್ಲ, ಆದರೂ ಸದ್ದಿಲ್ಲ.

ಹೊಲಿಗೆ ಯಂತ್ರದ ಮುಂದಿದ್ದ ಯಮುನಾ ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ ಕೇಳಿದಳು. "ರೀ, ಆ ವೈರಿಗೆ ಯಾವ ವಾರ?"

"ವೈರಿಗೆಲ್ಲ ವಾರ ಇರುತ್ತೇನೇ?"

"ನಿಮ್ಮ ಬಿಳಿ ಅಂಗಿ ಮೂರನೇ ಗುಂಡಿಗೆ ಶುಕ್ರವಾರ. ಹತ್ತು ವರ್ಷದಿಂದ ಗೊತ್ತು ನನಗೆ. ಹೊಟ್ಟೆ ಬಂದಿದೆ ಅಂದ್ರೆ ನೀವು ಊಟ ಕಮ್ಮಿ ಮಾಡ್ತೀರಿ, ಒಳ್ಳೇದೇ ಅಂತ ಸುಮ್ಮನಿದ್ದೆ."

ಸಾಹೇಬರು ತುಟಿಯಂಚಿನಲ್ಲಿ ನಕ್ಕು ಚೀಲದಿಂದ ಬೇರೊಂದು ವೈರು ತೆಗೆದುಕೊಟ್ಟರು. ಸಿಕ್ಕಿಸಿ ಮೀಟಿದೆ. ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಗುಲಿ ಕಿಣಿಗುಟ್ಟಿದವು.

ಆಮೇಲೆ ಮೂವರೂ ಗೋಡೆಯ ಕಡೆ ನೋಡಿದೆವು. ಅಲ್ಲಿ ಮಾಸ್ತರ ಗಿಟಾರು ತೂಗಿತ್ತು. ಗುರುವಾರ ಮಲಗುವುದು ವೈರಾದರೆ ಇದು ಮಲಗುವುದು ಯಾವಾಗ? ಶುಕ್ರವಾರದಿಂದ ಬುಧವಾರದವರೆಗೆ ಆರೂ ದಿನ ಇದನ್ನು ನಾನು ಇಪ್ಪತ್ತೆರಡು ವರ್ಷ ನುಡಿಸಿದ್ದೇನೆ. ಎದ್ದು ಅದನ್ನು ಇಳಿಸಿದೆ. ಕಿವಿಯಿಟ್ಟು ಮೀಟಿದೆ. ಎದ್ದಿತ್ತು. ಸಾಹೇಬರ ವೈರು ಸಿಕ್ಕಿಸಿ ಮೀಟಿದೆ. ಬೇರೆ ದಿನ ಹೇಗೋ ಹಾಗೆಯೇ ಹಾಡಿತು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಬದಲಿಯೇ ಬೇಡ, ಏಳು ದಿನವೂ ಇದೊಂದೇ ಸಾಕು, ಶೇಷಗಿರಿ ಇನ್ನು ನನ್ನನ್ನು ಬಿಡುವ ಮಾತೇ ಇಲ್ಲ ಎಂದುಕೊಂಡೆ. ಸಾಹೇಬರ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. ಯಮುನಾ ಕೊಟ್ಟ ಟೀ ಲೋಟ ಕೆಳಗಿಟ್ಟರು.

"ಸಾವಿರಕ್ಕೆ ಒಂದು ಹಿಂಗಿರುತ್ತೆ ಭುಜಂಗಪ್ಪನೋರೇ. ರಜೆ ಕೇಳೋಲ್ಲ. ನಮ್ಮ ಅಬ್ಬಾಜಾನ್ ಹತ್ರ ಒಂದು ಹಾರ್ಮೋನಿಯಂ ಇತ್ತು. ಅದೃಷ್ಟ ಅಂತ ದಿನಾ ಬಾಡಿಗೆಗೆ ಕೊಟ್ರು, ವಾರ ಪೂರ್ತಿ."

"ಎಷ್ಟು ದಿನ ನಡೀತು?"

"ಆರು ವರ್ಷ. ಒಂದು ಸೋಮವಾರ ನಿಂತ್ಹೋಯ್ತು. ರಜೆ ಅಂದ್ಕೊಂಡ್ವಿ. ಮಂಗಳವಾರಾನೂ ಏಳ್ಲಿಲ್ಲ, ಆಮೇಲೆ ಏಳಲೇ ಇಲ್ಲ. ಇವತ್ತಿಗೂ ವಾರಕ್ಕೊಂದ್ಸಲ ಒರೆಸ್ತೀನಿ, ಎಲ್ಲಾದ್ರೂ ಎದ್ದೀತು ಅಂತ."

ನನ್ನ ಗಿಟಾರು ಇಪ್ಪತ್ತೆರಡು ವರ್ಷ ಉಳಿದದ್ದು ಹೇಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಈ ವೈರು ಇದರದ್ದೇ, ಬೇರೆ ಹಾಕಬೇಡ. ಮಾಸ್ತರಿಗೆ ಗೊತ್ತಿತ್ತು. ಹುಡುಕಿ ಹುಡುಕಿ ಗುರುವಾರ ಮಲಗುವ ವೈರೊಂದನ್ನು ತಂದು ಇದಕ್ಕೆ ಗಂಟು ಹಾಕಿದ್ದರು. ಇಡೀ ಆರ್ಕೆಸ್ಟ್ರಾಕ್ಕೆ ಗುರುವಾರ ಬಿಡುವು ಮಾಡಿಟ್ಟಿದ್ದರು. ನಿಜ ಹೇಳಿದರೆ ನನ್ನಂಥವನು ಏಳೂ ದಿನ ದುಡಿಸಿಯಾನು ಎಂದು ಬಾಯಿ ಬಿಟ್ಟಿರಲಿಲ್ಲ. ಅವರು ನನ್ನನ್ನು ಸರಿಯಾಗಿಯೇ ಅಳೆದಿದ್ದರು. ಈಗಷ್ಟೇ ನಾನು ಅದನ್ನೇ ಯೋಚಿಸಿದ್ದೆ. ಹಳೆಯ ವೈರನ್ನು ಕೈಯಲ್ಲಿ ಹಿಡಿದು ಅಲ್ಲೇ ಕುಳಿತು ಅತ್ತುಬಿಟ್ಟೆ. ಯಮುನಾ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು.

ಇಷ್ಟಾದರೂ ಆಸೆ ಪೂರ್ತಿ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ನನಗೆ ಐವತ್ತನಾಲ್ಕು. ಇನ್ನು ಆರು ವರ್ಷ ನುಡಿಸಿದರೆ ನನ್ನ ಬೆರಳೂ ಮಾಸ್ತರ ಬೆರಳಿನಂತೆ ಸೆಟೆಯುತ್ತದೆ. ಅಲ್ಲಿಯವರೆಗೆ ಇದು ನಡೆದರೆ ಸಾಲದೇ? ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಯೋಚಿಸಿದೆ. ಅಂಚಿನಲ್ಲಿ ಮಾಸ್ತರ ಮುಂಗೈ ಉಜ್ಜಿ ಬಣ್ಣ ಹೋದ ಜಾಗವಿದೆ, ಅದರ ಪಕ್ಕದಲ್ಲೇ ನನ್ನ ಮುಂಗೈ ಉಜ್ಜಿದ ಜಾಗ. ಮೂರನೆಯವನಿಗೂ ಅಲ್ಲಿ ಸ್ಥಳವಿತ್ತು. ಎದ್ದು ಅದನ್ನು ಗೋಡೆಗೆ ತೂಗುಹಾಕಿ ಹಳೆಯ ವೈರನ್ನೇ ಸಿಕ್ಕಿಸಿದೆ.

"ಈ ಭಾನುವಾರದ್ದನ್ನ ನಾನು ತಗೋತೀನಿ ಸಾಹೇಬ್ರೆ. ಆದ್ರೆ ಊರೆಲ್ಲ ನಿಮ್ಮ ಹೆಸರು ಕೆಡಿಸಿಬಿಟ್ಟೆ. ಅದಕ್ಕೇನು ಮಾಡ್ಲಿ?"

"ಕೆಡಿಸಿದ ಬಾಯಲ್ಲೇ ಸರಿಮಾಡಿ" ಎಂದರು ಸಾಹೇಬರು. ಸಿಟ್ಟಿರಲಿಲ್ಲ, ಬಿಟ್ಟುಕೊಡುವ ದನಿಯೂ ಆಗಿರಲಿಲ್ಲ. "ಸಂಜೆ ಮಂಟಪಕ್ಕೆ ಬರ್ತೀನಿ."

ಸಂಜೆ ಮಂಟಪ ತುಂಬಿತ್ತು. ಅರ್ಧ ಪೇಟೆಯೇ ಅಲ್ಲಿತ್ತು. ಕಾಫಿಪುಡಿ ಬಣ್ಣದ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ವೇದಿಕೆ ಹತ್ತಿದಾಗ ಶೇಷಗಿರಿ ಹುಬ್ಬೇರಿಸಿದ. ಇಪ್ಪತ್ತೆರಡು ವರ್ಷದಲ್ಲಿ ನಾನು ಮೈಕಿನ ಹತ್ತಿರ ಹೋದವನಲ್ಲ. ಆವತ್ತು ಮೊದಲ ಹಾಡಿಗೆ ಮುಂಚೆ ಅವನ ಕೈಯಿಂದ ಮೈಕು ತೆಗೆದುಕೊಂಡೆ.

"ನಾನು ಬೀಗದ ಭುಜಂಗಪ್ಪ. ಗೌಸ್ ಸಾಹೇಬ್ರ ಅಂಗಡಿಗೆ ಎರಡು ರಜೆ ಅಂಗಡಿ ಅಂತ ಹೆಸರಿಟ್ಟೋನು ನಾನೇ. ಅವರು ಬರೆದ ವಾರ ಸರಿಯಾಗಿತ್ತು. ಗುರುವಾರ ಮಲಗಿದ್ದು ಗಿಟಾರಲ್ಲ, ನನ್ನ ವೈರು. ಅದನ್ನ ನೋಡದೆ ಬಾಯಿಗೆ ಬಂದಂಗೆ ಮಾತಾಡಿದೆ. ತಪ್ಪು ನನ್ನದು. ಇದು ಅವರ ಅಂಗಡಿ ಗಿಟಾರೇ, ಈಗ ಕೇಳಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ನಕ್ಕರು. ವೈರಿಗೂ ವಾರವಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ನಗು ನನಗೆ ಸಲ್ಲತಕ್ಕದ್ದೇ. ಆದರೆ ಶೇಷಗಿರಿ ಲೆಕ್ಕದಲ್ಲಿ ಚುರುಕು. ನನ್ನ ಬಳಿ ಬಂದು ಕೇಳಿದ.

"ಹಂಗಾದ್ರೆ ಭುಜಂಗಣ್ಣ, ನಿಮ್ಮ ಹಳೇ ಗಿಟಾರ್ ಗುರುವಾರ ಎದ್ದಿರಬೇಕಲ್ಲ? ಇದನ್ನ ಯಾಕೆ ತಗೊಂಡ್ರಿ? ಅದರ ರಜೆ ಯಾವತ್ತು?"

ವೇದಿಕೆಯ ಕೆಳಗೆ ಸ್ಪೀಕರಿನ ಪಕ್ಕದಲ್ಲಿ ಗೌಸ್ ಸಾಹೇಬರು ನಿಂತಿದ್ದರು. ಈ ಮಾತು ಅವರಿಗೂ ಕೇಳಿಸುವಷ್ಟು ಹತ್ತಿರ.

"ಗುರುವಾರವೇ" ಎಂದೆ.

"ವೈರಿಗೂ ಗುರುವಾರ, ಗಿಟಾರಿಗೂ ಗುರುವಾರವಾ?" ಶೇಷಗಿರಿ ನಂಬಲಿಲ್ಲ. ಬಗ್ಗಿ ಕೇಳಿದ. "ಸಾಹೇಬ್ರೆ, ನೀವು ಹೇಳಿ. ಹೌದ?"

ವಸ್ತುವಿನ ವಾರದ ವಿಷಯದಲ್ಲಿ ಸುಳ್ಳಾಡದ ಬಾಯಿ ಅದು. ಅವರ ತಂದೆಯದೂ ಹಾಗೆಯೇ. ಆ ಬಾಯಿಯ ಮಾತನ್ನು ಈಗಷ್ಟೇ ನಾನು ಊರಿಗೆ ವಾಪಸು ಕೊಡಿಸಿದ್ದೆ. ನಾನು ಅವರ ಮುಖ ನೋಡಲಾರದೆ ಬಿರಡೆ ತಿರುಗಿಸುತ್ತಾ ನಿಂತೆ. ಸಾಹೇಬರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

"ಹೌದು, ಗುರುವಾರ" ಎಂದರು. "ಅಂತೋಣಿ ಮಾಸ್ತರು ಗೊತ್ತುಮಾಡಿದ್ದು."

ಶೇಷಗಿರಿ ತಲೆಯಾಡಿಸಿ ಮೈಕಿಗೆ ಹೋದ. ಹಾಡು ಶುರುವಾಯಿತು. ನಾನು ದಪ್ಪ ತಂತಿಯ ಮೊದಲ ಸ್ವರ ಹಾಕಿದೆ. ಇಂದುಮತಿ ಟೀಚರು ಕೀಬೋರ್ಡಿನಿಂದ ಎಡಗೈ ತೆಗೆದು ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ನೀವಿಕೊಂಡರು, ಆಮೇಲೆ ಅದರದ್ದೇ ಕೆಲಸಕ್ಕೆ ಕಳಿಸಿದರು. ಐದನೆಯ ಮೆಟ್ಟಿಲಿನ ಚರಚರ ಇನ್ನೂ ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿಯ ಕಾಲು ತಾಳ ಹಾಕತೊಡಗಿತು. ಎರಡನೆಯ ಹಾಡಿಗೆ ನೋಡಿದಾಗ ಸ್ಪೀಕರಿನ ಪಕ್ಕ ಸಾಹೇಬರಿರಲಿಲ್ಲ, ಊಟಕ್ಕೂ ನಿಲ್ಲದೆ ಹೋಗಿದ್ದರು.

ಮನೆಗೆ ಬಂದು ಭಾರ ಇಳಿಸಿ ಭುಜ ಒತ್ತಿಕೊಂಡೆ. ಯಮುನಾ ತಟ್ಟೆ ಹಾಕುತ್ತಿದ್ದಳು. ಮುದ್ದೆ ಎಷ್ಟು ಎಂದು ಕೇಳಿದಳು, ಎರಡು ಎಂದೆ. ಗೋಡೆಯ ಮೇಲೆ ಮಾಸ್ತರ ಗಿಟಾರು ತನ್ನ ವೈರಿನ ಜೊತೆ ತೂಗಿತ್ತು. ಕೈ ತೊಳೆಯಲು ಅದರ ಪಕ್ಕದಲ್ಲೇ ಹೋದೆ, ಮುಟ್ಟಲಿಲ್ಲ. ಬೇರೆ ವೈರು ಹಾಕಿ ಮುಟ್ಟಿದ್ದರೆ ಹಾಡುತ್ತಿತ್ತು.